ಅಂಚೆ ಆಟಕ್ಕೆ ಮುಂಗಡ ಕಟ್ಟುವ ಮುನ್ನ

ಮಧ್ಯಯುಗದ ಬುಡಕಟ್ಟು ಕಟ್ಟಿ ಬೆಳೆಸುವ ಅಂಚೆ ಆಟಕ್ಕೆ ಸೇರಬೇಕು ಅಂತಿದ್ದೀರಾ? ಸೇರಿ, ಆದರೆ ಹತ್ತಾರು ಸುತ್ತುಗಳ ದುಡ್ಡನ್ನು ಒಟ್ಟಿಗೆ ಕಟ್ಟಬೇಡಿ. ನಾನು ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಅದಕ್ಕಿಂತ ಜಾಸ್ತಿ ಬೇಜಾರು, ವರ್ಷಗಟ್ಟಲೆ ಬೆಳೆಸಿದ ಬುಡಕಟ್ಟೇ ಹೋಯಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅಂಚೆ ಆಟ ಅಂದರೆ ಪತ್ರದ ಮೂಲಕ ಆಡುವ ಆಟ. ಪ್ರತಿ ಸುತ್ತಿಗೆ ನಾವು ಆಜ್ಞೆಗಳನ್ನು ಬರೆದು ಕಳಿಸುತ್ತೇವೆ. ಆಟ ನಡೆಸುವವರು ಎಲ್ಲರದ್ದನ್ನೂ ಸೇರಿಸಿ ಲೆಕ್ಕ ಹಾಕಿ ಫಲಿತಾಂಶ ಕಳಿಸುತ್ತಾರೆ. 1970ರಲ್ಲಿ ಅಮೆರಿಕದ ರಿಕ್ ಲೂಮಿಸ್ ಇಂಥ ಆಟಗಳನ್ನು ದುಡ್ಡು ತಗೊಂಡು ನಡೆಸಲು ಶುರುಮಾಡಿದರು. ಆಗ ಕಾಗದ, ಅಂಚೆಚೀಟಿ. ಈಗ ಹೆಚ್ಚಾಗಿ ಇಮೇಲ್.

ನಾನು ಆಡುತ್ತಿದ್ದ ಆಟದಲ್ಲಿ ಒಂದು ಸುತ್ತು ಅಂದರೆ ಬುಡಕಟ್ಟಿನ ಒಂದು ತಿಂಗಳು. ಎಷ್ಟು ಜನ ಬೇಟೆಗೆ, ಎಷ್ಟು ಜನ ಮೇಕೆ ಕಾಯಲು, ಎಷ್ಟು ಜನ ಚರ್ಮ ಹದ ಮಾಡಲು ಅಂತ ಎಲ್ಲ ನಾವೇ ಬರೆಯಬೇಕು. ಕುದುರೆಗಳು ಹೊರುವ ತೂಕ ಮೀರಿದರೆ ಗುಂಪು ಕದಲುವುದೇ ಇಲ್ಲ. ಚಳಿಗಾಲಕ್ಕೆ ಧಾನ್ಯ ಸಾಲದಿದ್ದರೆ ಜನ ಸಾಯುತ್ತಾರೆ. ಒಂದು ಆಜ್ಞಾಪಟ್ಟಿಗೆ ಇಡೀ ಭಾನುವಾರ ಬೇಕು. ಆ ಖುಷಿ ಆಡಿದವರಿಗೇ ಗೊತ್ತು.

ಮುಂಗಡ ಕಟ್ಟಿದರೆ ರಿಯಾಯಿತಿ ಅಂತ ಆಟ ನಡೆಸುವವರು ಅಂದರು, ಕಟ್ಟಿದೆ. ಬುಡಕಟ್ಟು ಕವಲೊಡೆದಾಗ ಪ್ರತಿ ಕವಲಿಗೂ ಬೇರೆ ಶುಲ್ಕ ಅನ್ನುವುದನ್ನು ಆಮೇಲೆ ಹೇಳಿದರು. ಆದರೂ ಆಡಿದೆ. ಚಳಿಗಾಲಕ್ಕೆ ಮೊದಲು ನದಿ ದಾಟಿ, ನೆರೆಯ ಬುಡಕಟ್ಟಿಗೆ ಕುದುರೆ ಕೊಟ್ಟು ಉಪ್ಪು ತರುವ ಒಪ್ಪಂದವಾಗಿತ್ತು. ಆ ಸುತ್ತಿನ ಫಲಿತಾಂಶ ಬರಲೇ ಇಲ್ಲ. ಮೊದಲು ಕಂಪ್ಯೂಟರ್ ಕೆಟ್ಟಿದೆ ಅಂದರು, ಆಮೇಲೆ ಮುಂದಿನ ವಾರ ಅಂದರು, ಆಮೇಲೆ ಉತ್ತರವೇ ಇಲ್ಲ.

ಕಾರ್ಡ್‌ನಲ್ಲಿ ಕಟ್ಟಿದ್ದಲ್ವಾ, ಬ್ಯಾಂಕಿನಲ್ಲಿ ದೂರು ಕೊಡೋಣ ಅಂದರೆ ಗಡುವು ಮುಗಿದಿತ್ತು. ನಿಧಾನವಾಗಿ ನಡೆಯುವ ಆಟಕ್ಕೆ ಮುಂಗಡ ಕಟ್ಟುವುದರ ದೊಡ್ಡ ಅಪಾಯ ಇದೇ. ಮೋಸ ಅಂತ ಗೊತ್ತಾಗುವಷ್ಟರಲ್ಲಿ ದೂರಿನ ಅವಧಿ ದಾಟಿರುತ್ತದೆ. ಇನ್ನೊಂದು, ಆಟಗಾರರ ಪತ್ರಗಳೆಲ್ಲ ಆಟ ನಡೆಸುವವರ ಮೂಲಕವೇ ಹೋಗಬೇಕಿತ್ತು. ಅವರು ಸುಮ್ಮನಾದ ಮೇಲೆ ನಾವು ಒಬ್ಬರನ್ನೊಬ್ಬರು ಹುಡುಕಲೂ ಆಗಲಿಲ್ಲ. ಗೊತ್ತಿದ್ದದ್ದು ಬುಡಕಟ್ಟುಗಳ ಹೆಸರು ಮಾತ್ರ.

ಹಾಗಾಗಿ ಸೇರುವ ಮೊದಲೇ ಕೇಳಿ: ಆಟ ನಿಂತರೆ ಉಳಿದ ದುಡ್ಡು ಹೇಗೆ ವಾಪಸ್ ಬರುತ್ತದೆ? ನಡೆಸುವವರು ಹುಷಾರು ತಪ್ಪಿದರೆ ಮುಂದೆ ಯಾರು ನೋಡಿಕೊಳ್ಳುತ್ತಾರೆ? ಉತ್ತರ ಕೊಡಲು ಹಿಂದೇಟು ಹಾಕಿದರೆ ಬೇರೆ ಆಟ ನೋಡಿ. ಸೇರಿದ ಮೇಲೆ, ಆಟದ ನಿಯಮದಲ್ಲಿ ಅವಕಾಶ ಇದ್ದರೆ, ಅಕ್ಕಪಕ್ಕದ ಆಟಗಾರರ ಇಮೇಲ್ ವಿಳಾಸ ನೇರವಾಗಿ ತಗೊಂಡಿಡಿ.