ಕರುಳಿನ ಕ್ಯಾನ್ಸರ್ ಪತ್ತೆ: ರಕ್ತ ಕೊಡೋದಾ, ಮಲದ ಡಬ್ಬಿ ಹಿಡಿಯೋದಾ?

ಡಬ್ಬಿ ಅಂದರೆ ಮುಖ ಸಿಂಡರಿಸುವವರೇ ಜಾಸ್ತಿ. ರಕ್ತ ಪರೀಕ್ಷೆಯ ಪ್ಯಾಕೇಜಿನಲ್ಲಿ ಸಿಇಎ (ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನು) ಇದೆಯಲ್ಲ, ಸಾಕು ಅಂದುಕೊಳ್ಳುತ್ತಾರೆ. ಸಾಲದು. 1965ರಲ್ಲಿ ಪತ್ತೆಯಾದ ಈ ಪ್ರೋಟೀನು ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ಶುರುವಿನ ಗಡ್ಡೆ ಇದ್ದಾಗ ಎಷ್ಟೋ ಸಲ ನಾರ್ಮಲ್ ಅಂತಲೇ ಬರುತ್ತದೆ. ಆಪರೇಷನ್ ಆದಮೇಲೆ ರೋಗ ಮರಳಿತಾ ಎಂದು ನೋಡಲು ಅದು ಸರಿ.

ಫಿಟ್ ಪರೀಕ್ಷೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುತ್ತದೆ. ಮನುಷ್ಯರ ಹಿಮೋಗ್ಲೋಬಿನ್ ಅಷ್ಟೇ ಅದಕ್ಕೆ ಗೊತ್ತು. ಹಾಗಾಗಿ ನಿನ್ನೆ ಮಟನ್ ಸಾರು ಉಂಡಿದ್ದರೂ ಚಿಂತೆಯಿಲ್ಲ. ಮಲದಲ್ಲಿ ರಕ್ತ ಹುಡುಕುವ ಹಳೆಯ ಗ್ವಾಯಕ್ ಪರೀಕ್ಷೆಗೆ ಕೆಂಪು ಮಾಂಸ, ವಿಟಮಿನ್ ಸಿ ಮಾತ್ರೆ ಎರಡನ್ನೂ ಬಿಡಬೇಕಿತ್ತು. ಫಿಟ್‌ಗೆ ಕಡ್ಡಿಯಿಂದ ಮಲದ ಮೇಲೆ ಅಲ್ಲಲ್ಲಿ ಗೀರಿ, ಪುಟ್ಟ ಬಾಟಲಿಗೆ ಸಿಕ್ಕಿಸಿ ಮುಚ್ಚಿದರೆ ಮುಗೀತು. ಆದರೆ ವರ್ಷ ವರ್ಷ ಮಾಡಿಸಬೇಕು.

ಅಮೆರಿಕದಲ್ಲಿರುವವರಿಗೆ ಕೊಲೊಗಾರ್ಡ್ ಅನ್ನುವ ಮಲ ಪರೀಕ್ಷೆ ಕೂಡ ಇದೆ. ಅದು ರಕ್ತದ ಜೊತೆ ಡಿಎನ್‌ಎ ಬದಲಾವಣೆಯನ್ನೂ ನೋಡುತ್ತದೆ. 2014ರ ದೊಡ್ಡ ಅಧ್ಯಯನದಲ್ಲಿ ಅದು 100ಕ್ಕೆ 92 ಕ್ಯಾನ್ಸರ್ ಹಿಡಿಯಿತು, ಫಿಟ್ 74. ಆದರೆ ಸುಳ್ಳು ಎಚ್ಚರಿಕೆಯೂ ಜಾಸ್ತಿ: ರೋಗವಿಲ್ಲದ 100 ಜನರಲ್ಲಿ 13ರ ಹತ್ತಿರ, ಫಿಟ್‌ನದು 5. ಕ್ಯಾನ್ಸರ್ ಆಗುವ ಮುಂಚಿನ ದೊಡ್ಡ ಪಾಲಿಪ್‌ಗಳಲ್ಲಿ (ಕರುಳಿನ ಒಳಗೋಡೆಯ ಗಂಟುಗಳಲ್ಲಿ) ಎರಡೂ ಅರ್ಧಕ್ಕಿಂತ ಹೆಚ್ಚನ್ನು ಬಿಟ್ಟವು.

ನನ್ನ ಓಟು ಫಿಟ್‌ಗೆ. ಸುಲಭ ಅಲ್ವಾ, ಮತ್ತೆ ಮತ್ತೆ ಮಾಡಿಸಲು ಮನಸ್ಸೂ ಬರುತ್ತದೆ. ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವುದು) ಆಗಲೇಬೇಕು. ಮೂಲವ್ಯಾಧಿ ಇರಬೇಕು ಬಿಡಿ ಅಂತ ಸುಮ್ಮನಾಗಬೇಡಿ. ಮಲದಲ್ಲಿ ರಕ್ತ ಕಣ್ಣಿಗೇ ಕಾಣುತ್ತಿದ್ದರೆ ಈ ಯಾವ ಕಿಟ್ಟೂ ಬೇಡ, ನೇರ ಡಾಕ್ಟರ ಹತ್ತಿರ ಹೋಗಿ.