ಸೈಡರ್, ಬಿಯರ್, ವೈನ್: ಮನೆಯಲ್ಲಿ ಮಾಡಲು ಯಾವುದು ವಾಸಿ?

ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಬಂದ ಮೇಲೆ ಹಿಡಿದ ಹುಚ್ಚು ಇದು. ಮೂರನ್ನೂ ಮಾಡಿ, ಕುಡಿದು, ಸ್ನೇಹಿತರಿಗೂ ಕುಡಿಸಿ ನೋಡಿದ್ದೇನೆ. ಹೊಸಬರು ಕೇಳಿದರೆ ಸೈಡರ್‌ನಿಂದ, ಅಂದರೆ ಸೇಬಿನ ರಸ ಹುಳಿಸಿ ಮಾಡುವ ಮದ್ಯದಿಂದ, ಶುರು ಮಾಡಿ ಅನ್ನುತ್ತೇನೆ. ಆದರೆ ನಾನು ಮತ್ತೆ ಮತ್ತೆ ಮಾಡುವುದು ಬಿಯರ್. ವೈನ್ ವರ್ಷಕ್ಕೊಮ್ಮೆ. ಮೂರಕ್ಕೂ ಬೇಕಾದ ಸಾಮಾನು ಹೆಚ್ಚುಕಮ್ಮಿ ಒಂದೇ. ನಮ್ಮಿಂದ ಅವು ಕೇಳುವುದು ಮಾತ್ರ ಬೇರೆ ಬೇರೆ. ಬಿಯರ್ ಮೊದಲ ದಿನವೇ ಬೆವರಿಳಿಸುತ್ತದೆ. ಸೈಡರ್ ತನ್ನ ಪಾಡಿಗೆ ಬಿಟ್ಟರೆ ಸಾಕು ಅನ್ನುತ್ತದೆ. ವೈನ್‌ಗೆ ತಾಳ್ಮೆ ಬೇಕು, ಅದೂ ತಿಂಗಳುಗಟ್ಟಲೆ.

ಕಾನೂನಿನ ಮಾತು ಮೊದಲು ಮುಗಿಸೋಣ. ಬ್ರಿಟನ್‌ನಲ್ಲಿ 1880ರ ಕಾಯ್ದೆಯಿಂದಾಗಿ ಮನೆಯಲ್ಲಿ ಬಿಯರ್ ಮಾಡಲು ಲೈಸೆನ್ಸ್ ಬೇಕಿತ್ತು. 1963ರಲ್ಲಿ ಆಗಿನ ಹಣಕಾಸು ಮಂತ್ರಿ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ತೆಗೆದುಹಾಕಿದರು. ಈಗ ಮನೆಬಳಕೆಗೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ. ಲೈಸೆನ್ಸ್ ಇಲ್ಲದೆ ಭಟ್ಟಿ ಇಳಿಸುವಂತೂ ಇಲ್ಲವೇ ಇಲ್ಲ. ಕರ್ನಾಟಕದ ಕಥೆಯೇ ಬೇರೆ. ಅಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಾಗಾಗಿ ಬೆಂಗಳೂರಲ್ಲಿ ಕೂತು ಓದುತ್ತಿರುವವರು ಓದಿ ಖುಷಿಪಡಿ, ಅಷ್ಟೇ.

ಸೈಡರ್ ಎಷ್ಟು ಸುಲಭ ಅಂದರೆ ಹೇಳಲು ನಾಚಿಕೆಯಾಗುತ್ತದೆ. ಸೂಪರ್‌ಮಾರ್ಕೆಟ್‌ನ ಸೇಬಿನ ಜ್ಯೂಸ್ ನಾಲ್ಕೂವರೆ ಲೀಟರ್, ಡೆಮಿಜಾನ್ ಅನ್ನುವ ದೊಡ್ಡ ಗಾಜಿನ ಸೀಸೆ, ಒಂದು ಪೊಟ್ಟಣ ಯೀಸ್ಟ್, ಮೇಲೆ ಗಾಳಿ ಹೊರಗೆ ಬಿಡುವ ಏರ್‌ಲಾಕ್. ಹಾಲು ಕಾಯಿಸುವ ಹೊತ್ತಿನಲ್ಲಿ ಕೆಲಸ ಮುಗಿದಿರುತ್ತದೆ. ನೋಡಬೇಕಾದ್ದು ಜ್ಯೂಸ್ ಡಬ್ಬದ ಲೇಬಲ್ ಒಂದನ್ನೇ. ಪೊಟ್ಯಾಸಿಯಂ ಸೋರ್ಬೇಟ್ ಅಂತ ಬರೆದಿದ್ದರೆ ವಾಪಸ್ ಇಡಿ. ಯೀಸ್ಟ್ ಬೆಳೆಯದ ಹಾಗೆ ತಡೆಯಲೆಂದೇ ಅದನ್ನು ಹಾಕಿರುತ್ತಾರೆ. ವಿಟಮಿನ್ ಸಿ ಇದ್ದರೆ ತೊಂದರೆ ಇಲ್ಲ.

ನಿಜವಾದ ಪೈಪೋಟಿ ಇರುವುದು ಯೀಸ್ಟ್‌ನಲ್ಲಿ. ಒಂದೇ ಜ್ಯೂಸ್ ತಂದು ಮೂರು ಸೀಸೆಗೆ ಹಂಚಿದೆ. ಮೂರಕ್ಕೂ ಬೇರೆ ಬೇರೆ ಯೀಸ್ಟ್ ಹಾಕಿದೆ. ಒಂದಕ್ಕೆ ಬ್ರೆಡ್ ಯೀಸ್ಟ್, ಇನ್ನೊಂದಕ್ಕೆ ಶಾಂಪೇನ್ ಮೂಲದ ಲಾಲ್ವಿನ್ ಇಸಿ-1118, ಮತ್ತೊಂದಕ್ಕೆ ಏಲ್ ಅನ್ನುವ ಇಂಗ್ಲಿಷ್ ಬಿಯರ್‌ನ ಯೀಸ್ಟ್ ಆದ ಸೇಫೇಲ್ ಎಸ್-04. ಬ್ರೆಡ್ ಯೀಸ್ಟ್ ಗಡಿಬಿಡಿಯಿಂದ ಕೆಲಸ ಮಾಡಿತು, ಆದರೆ ತಳಕ್ಕೆ ಕೂರಲಿಲ್ಲ. ಸೀಸೆ ಅಲುಗಾಡಿದರೆ ಸಾಕು, ಗಸಿಯೆಲ್ಲ ಮೇಲಕ್ಕೆ. ಕುಡಿದಾಗ ಹಿಟ್ಟಿನ ವಾಸನೆ. ಇಸಿ-1118 ಸಕ್ಕರೆಯನ್ನು ಒಂದಿಷ್ಟೂ ಬಿಡಲಿಲ್ಲ, ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 0.996ಕ್ಕೆ ಇಳಿಯಿತು (ನೀರಿಗೆ 1.000, ಸಕ್ಕರೆ ಖಾಲಿಯಾದಷ್ಟೂ ಅಂಕಿ ಇಳಿಯುತ್ತದೆ). ಸೈಡರ್ ಸ್ಫಟಿಕದಷ್ಟು ತಿಳಿ. ಆದರೆ ಸೇಬು ಎಲ್ಲಿ ಹೋಯಿತು ಅಂತ ಹುಡುಕಬೇಕು. ಎಸ್-04 ಹಾಕಿದ್ದು 1.000ದ ಹತ್ತಿರ ನಿಂತಿತು. ಗಸಿ ಗಟ್ಟಿಯಾಗಿ ತಳ ಹಿಡಿಯಿತು, ಸೇಬಿನ ಪರಿಮಳವೂ ಸ್ವಲ್ಪ ಉಳಿಯಿತು. ನನ್ನ ಓಟು ಅದಕ್ಕೇ. ಚಳಿಗಾಲದಲ್ಲಿ ಮನೆ ತಣ್ಣಗಿದ್ದರೆ ಮಾತ್ರ ಇಸಿ-1118ಗೆ ಹೋಗುತ್ತೇನೆ, ಅದು 10 ಡಿಗ್ರಿಯಲ್ಲೂ ಹೆದರದೆ ಕೆಲಸ ಮಾಡುತ್ತದೆ.

ಹುಳಿಯುವಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಚೆಲ್ಲಬೇಡಿ. ಸೇಬಿನ ರಸದಲ್ಲಿ ಸಾರಜನಕ ಕಮ್ಮಿ. ಹೊಟ್ಟೆಗೆ ಸಾಲದ ಯೀಸ್ಟ್ ಈ ಗಂಧಕದ ವಾಸನೆ ಬಿಡುತ್ತದೆ. ಶುರುವಿನಲ್ಲೇ ಅರ್ಧ ಚಮಚ ಯೀಸ್ಟ್ ನ್ಯೂಟ್ರಿಯೆಂಟ್ ಹಾಕಿದರೆ ಆಯಿತು. ಬಂದ ವಾಸನೆಯೂ ಸಾಮಾನ್ಯವಾಗಿ ಕೆಲವು ವಾರದಲ್ಲಿ ತಾನೇ ಹೋಗುತ್ತದೆ.

ಸೈಡರ್ ಕುಡಿದ ಹೊಸಬರೆಲ್ಲ ಹೇಳುವ ದೂರು ಒಂದೇ. ಸಿಹಿ ಇಲ್ವಲ್ಲ! ಇರುವುದಿಲ್ಲ. ಸೇಬಿನ ಸಕ್ಕರೆ ಹೆಚ್ಚುಕಮ್ಮಿ ಪೂರ್ತಿ ಫ್ರಕ್ಟೋಸ್, ಗ್ಲೂಕೋಸ್, ಸುಕ್ರೋಸ್. ಮೂರನ್ನೂ ಯೀಸ್ಟ್ ತಿಂದು ಮುಗಿಸುತ್ತದೆ. ಬಿಯರ್‌ಗೆ ಹಾಕುವ ಮಾಲ್ಟ್‌ನಲ್ಲಿ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಲ್ಲಿ, ಹಾಗಲ್ಲ. ಅದರಲ್ಲಿರುವ ಡೆಕ್ಸ್‌ಟ್ರಿನ್ ಅನ್ನುವ ದೊಡ್ಡ ಸಕ್ಕರೆ ಸರಪಳಿಗಳನ್ನು ಮಾಮೂಲಿ ಬಿಯರ್ ಯೀಸ್ಟ್ ಮುಟ್ಟುವುದಿಲ್ಲ. ಬಿಯರ್‌ಗೆ ಬಾಯಲ್ಲಿ ತುಂಬಿಕೊಳ್ಳುವ ಗುಣ ಬರುವುದು ಅದರಿಂದಲೇ. ಸೈಡರ್‌ಗೆ ಸಿಹಿ ಬೇಕೇ ಬೇಕು ಅನ್ನುವವರು ಕುಡಿಯುವ ಲೋಟಕ್ಕೆ ಸ್ವಲ್ಪ ಜ್ಯೂಸ್ ಬೆರೆಸಿಕೊಳ್ಳುವುದು ಒಳ್ಳೆಯದು. ಬಾಟಲಿಗೇ ಹಾಕಿಟ್ಟರೆ ಅದನ್ನೂ ಯೀಸ್ಟ್ ತಿಂದು, ಗ್ಯಾಸ್ ತುಂಬಿ, ಬಾಟಲಿ ಸಿಡಿಯುತ್ತದೆ.

ಡಬ್ಬದ ಜ್ಯೂಸ್ ಬಿಟ್ಟು ಹಣ್ಣನ್ನೇ ಹಿಂಡಿದರೆ? ಇಲ್ಲಿ ಸೆಪ್ಟೆಂಬರ್ ಬಂತೆಂದರೆ ಮನೆಗಳ ಮುಂದೆ ‘ಬೇಕಾದಷ್ಟು ತಗೊಳ್ಳಿ’ ಅಂತ ಬುಟ್ಟಿಯಲ್ಲಿ ಸೇಬು ಇಟ್ಟಿರುತ್ತಾರೆ. ಅದರಲ್ಲಿ ಬಹಳಷ್ಟು ಬ್ರ್ಯಾಮ್ಲಿ, ಅಂದರೆ ಅಡುಗೆಯ ಹುಳಿ ಸೇಬು. ಅದೊಂದರಿಂದಲೇ ಮಾಡಿದರೆ ಹಲ್ಲು ಚಳಿತು ಹೋಗುತ್ತದೆ. ಒಳ್ಳೆಯ ಸೈಡರ್‌ಗೆ ಹುಳಿಯ ಜೊತೆ ಒಗರೂ ಬೇಕು. ಬ್ರಿಸ್ಟಲ್ ಪಕ್ಕದ ಲಾಂಗ್ ಆಷ್ಟನ್‌ನಲ್ಲಿ 1903ರಲ್ಲಿ ಸೈಡರ್‌ಗೆಂದೇ ಒಂದು ಸಂಶೋಧನಾ ಕೇಂದ್ರ ಶುರುವಾಗಿತ್ತು. ಸೈಡರ್ ಸೇಬುಗಳನ್ನು ಹುಳಿ ಮತ್ತು ಒಗರಿನ ಲೆಕ್ಕದಲ್ಲಿ ನಾಲ್ಕು ಗುಂಪು ಮಾಡಿದ್ದು ಅಲ್ಲೇ. ಡ್ಯಾಬಿನೆಟ್, ಕಿಂಗ್‌ಸ್ಟನ್ ಬ್ಲ್ಯಾಕ್ ಥರದ ಒಗರು ಸೇಬು ಸಾಮಾನ್ಯ ಅಂಗಡಿಯಲ್ಲಿ ಸಿಗುವುದಿಲ್ಲ, ಸಾಮರ್ಸೆಟ್ ಅಥವಾ ಹೆರೆಫರ್ಡ್‌ಶೈರ್‌ನ ತೋಟದವರ ಪರಿಚಯ ಇರಬೇಕು. ಅದಿಲ್ಲದ ನಾನು ತಿನ್ನುವ ಸೇಬು ಮೂರು ಪಾಲು, ಬ್ರ್ಯಾಮ್ಲಿ ಒಂದು ಪಾಲು ಹಾಕಿ, ಒಗರಿಗೆ ಒಂದು ಲೋಟ ಗಟ್ಟಿ ಕಪ್ಪು ಚಹಾದ ಡಿಕಾಕ್ಷನ್ ಸುರಿಯುತ್ತೇನೆ. ಹಿಂಡುವ ಮಷೀನ್ ಇಲ್ಲದಿದ್ದರೆ ಸೇಬನ್ನು ಹೆಚ್ಚಿ ಫ್ರೀಜರ್‌ನಲ್ಲಿಟ್ಟು ಕರಗಿಸಿ. ಮಂಜು ಕಟ್ಟಿದಾಗ ಹಣ್ಣಿನ ಕೋಶಗಳು ಒಡೆದು ರಸ ಸಲೀಸಾಗಿ ಇಳಿಯುತ್ತದೆ. ಡಬ್ಬದ ಜ್ಯೂಸ್‌ಗಿಂತ ಇದು ನೂರು ಪಾಲು ರುಚಿ. ಆದರೆ ಇಡೀ ಶನಿವಾರ ಹೋಗುತ್ತದೆ.

ಬಿಯರ್‌ಗೆ ಎರಡು ದಾರಿ. ಒಂದು, ಟಿನ್ನಿನ ಕಿಟ್. ಅಂಟಂಟಾದ ಮಾಲ್ಟ್ ಸಿರಪ್‌ಗೆ ಬಿಸಿನೀರು, ಒಂದು ಕೆಜಿ ಸಕ್ಕರೆ, ತಣ್ಣೀರು ಸೇರಿಸಿ 23 ಲೀಟರ್ ಮಾಡಿ ಯೀಸ್ಟ್ ಉದುರಿಸುವುದು. ಸಕ್ಕರೆ ಹಾಕಿ ಅಂತ ಡಬ್ಬದ ಮೇಲೆ ಬರೆದಿದ್ದರೂ ಅದನ್ನು ಬಿಟ್ಟು ಒಣ ಮಾಲ್ಟ್ ಪುಡಿ ಹಾಕಿ. ಸಕ್ಕರೆಯಿಂದ ಅಮಲು ಬರುತ್ತದೆ, ರುಚಿ ಬರುವುದಿಲ್ಲ. ಬಿಯರ್ ನೀರುನೀರಾಗುತ್ತದೆ.

ಇನ್ನೊಂದು, ಕಾಳಿನಿಂದ ಶುರು ಮಾಡುವುದು. ನನಗೆ ಹುಚ್ಚು ಹಿಡಿಸಿದ್ದು ಇದೇ. ನುಚ್ಚು ಮಾಡಿದ ಬಾರ್ಲಿ ಮಾಲ್ಟನ್ನು 65–67 ಡಿಗ್ರಿ ನೀರಿನಲ್ಲಿ ಒಂದು ಗಂಟೆ ನೆನೆಸಿಡಬೇಕು. ಮೊಳಕೆ ಬರಿಸಿದ ಕಾಳಿನಲ್ಲಿರುವ ಅಮೈಲೇಸ್ ಕಿಣ್ವಗಳು ಹಿಟ್ಟನ್ನು ಸಕ್ಕರೆ ಮಾಡುತ್ತವೆ. ಮೊಳಕೆ ರಾಗಿಯ ಮಾಲ್ಟ್ ಕಾಸಿದಾಗ ಬರೀ ಹಿಟ್ಟಿನ ಗಂಜಿಗಿಂತ ತೆಳ್ಳಗೆ, ಸ್ವಲ್ಪ ಸಿಹಿಯಾಗಿ ಇರುತ್ತದಲ್ವಾ, ಅದಕ್ಕೂ ಇದೇ ಕಿಣ್ವ ಕಾರಣ. ಮೊದಲ ಸಲ ಆ ಬಾರ್ಲಿ ನೀರಲ್ಲಿ ಬೆರಳು ಅದ್ದಿ ನೆಕ್ಕಿದಾಗ ಸಿಹಿ ಬಂದಿರುವುದು ಗೊತ್ತಾದರೆ ನಿಮಗೂ ಹುಚ್ಚು ಹಿಡಿಯುತ್ತದೆ. ಶಾಖ ಒಂದೆರಡು ಡಿಗ್ರಿ ಆಚೀಚೆ ಆದರೂ ಫಲ ಬೇರೆ. 64ರಲ್ಲಿ ಬಿಯರ್ ತೆಳ್ಳಗೆ, ಸಿಹಿ ಕಮ್ಮಿ. 68ರಲ್ಲಿ ದಪ್ಪ. ಆಮೇಲೆ ಸೋಸಿ, ಹಾಪ್ಸ್ ಹೂವು ಹಾಕಿ ಒಂದು ಗಂಟೆ ಕುದಿಸಬೇಕು. ಹಾಪ್ಸ್‌ನ ಕಹಿ ನೀರಿಗಿಳಿಯಲು ಆ ಕುದಿ ಬೇಕೇ ಬೇಕು. ಪರಿಮಳಕ್ಕೆ ಮಾತ್ರ ಇನ್ನೊಂದು ಹಿಡಿ ಕೊನೆಗೆ ಹಾಕಿದರಾಯಿತು. ನಂತರ ಬೇಗ ತಣಿಸಿ, ಯೀಸ್ಟ್ ಹಾಕಿ, 18–20 ಡಿಗ್ರಿ ಮೀರದ ಹಾಗೆ ನೋಡಿಕೊಳ್ಳಬೇಕು. ತೊಳೆಯುವುದೂ ಸೇರಿ ಐದಾರು ಗಂಟೆ ನಿಂತೇ ಇರುತ್ತೀರಿ. ಮನೆಯೆಲ್ಲ ಹಾಪ್ಸ್ ವಾಸನೆ. ನನ್ನ ಹೆಂಡತಿ ಆವತ್ತು ಹೊರಗೆ ಕಾರ್ಯಕ್ರಮ ಇಟ್ಟುಕೊಳ್ಳುತ್ತಾಳೆ.

ನಲ್ಲಿ ನೀರಿನ ಕ್ಲೋರಿನ್ ಮರೆಯಬೇಡಿ. ಅದು ಮಾಲ್ಟಿನ ಅಂಶಗಳ ಜೊತೆ ಸೇರಿ ಬಿಯರ್‌ಗೆ ಆಸ್ಪತ್ರೆ ವಾಸನೆ ಕೊಡುತ್ತದೆ. ಕ್ಲೋರಿನ್ ತೆಗೆಯುವ ಕ್ಯಾಂಪ್‌ಡೆನ್ ಮಾತ್ರೆ ಅರ್ಧ ಪುಡಿ ಮಾಡಿ 23 ಲೀಟರ್ ನೀರಿಗೆ ಕದಡಿದರೆ ಸಾಕು. ಸೈಡರ್‌ನಲ್ಲಿ ಈ ತಲೆನೋವೇ ಇಲ್ಲ, ಯಾಕೆಂದರೆ ನೀರೇ ಹಾಕುವುದಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ ಅಂದರೆ, ಬಿಯರ್ ಬೇಗ ಸಿಗುತ್ತದೆ. ಎರಡು ವಾರ ಹುಳಿದು, ಬಾಟಲಿಯಲ್ಲಿ ಇನ್ನೆರಡು ಮೂರು ವಾರ ಇದ್ದರೆ ಕುಡಿಯಲು ತಯಾರು. ಜೊತೆಗೆ ಇದರಲ್ಲಿ ನಮ್ಮ ಕೈ ಕಾಣುತ್ತದೆ. ಮಾಲ್ಟ್ ಬದಲಿಸಿದರೆ ಬಣ್ಣ ಬೇರೆ, ಹಾಪ್ಸ್ ಬದಲಿಸಿದರೆ ಪರಿಮಳ ಬೇರೆ. ಡಬ್ಬದ ಜ್ಯೂಸಿನ ಸೈಡರ್‌ನಲ್ಲಿ ಆ ಆಟ ಇಲ್ಲ.

ವೈನ್ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ದ್ರಾಕ್ಷಿ ರಸದ ಕಿಟ್ ಸರಾಗವಾಗಿ ಆಗುತ್ತದೆ, ಕುಡಿಯಲೂ ಪರವಾಗಿಲ್ಲ. ಆದರೆ ಅಂಗಡಿಯ ಸಾಧಾರಣ ವೈನ್‌ಗಿಂತ ಮೇಲೆ ಏಳಲಿಲ್ಲ. ಸಸ್ಯಾಹಾರಿಗಳು ಒಂದು ಗಮನಿಸಿ. ವೈನ್ ತಿಳಿಯಾಗಿಸಲು ಕೆಲವು ಕಿಟ್‌ಗಳಲ್ಲಿ ಐಸಿಂಗ್‌ಲಾಸ್ ಕೊಡುತ್ತಾರೆ. ಅದು ಮೀನಿನ ಗಾಳಿಚೀಲದಿಂದ ಮಾಡಿದ್ದು. ಅದೇ ಕೆಲಸಕ್ಕೆ ಕೊಡುವ ಕೈಟೋಸಾನ್ ಸೀಗಡಿ, ಏಡಿಗಳ ಚಿಪ್ಪಿನಿಂದಲೂ ಬಂದಿರಬಹುದು. ಬೆಂಟೊನೈಟ್ ಹಾಕಿ, ಅದು ಬರೀ ಜೇಡಿಮಣ್ಣು.

ಮಾಡುವುದಾದರೆ ಬ್ಲ್ಯಾಕ್‌ಬೆರಿ ವೈನ್ ಮಾಡಿ. ಆಗಸ್ಟ್ ಕೊನೆಗೆ ರಸ್ತೆ ಬದಿಯ ಬೇಲಿಯಲ್ಲಿ ಪುಕ್ಕಟೆ ಸಿಗುವ ಹಣ್ಣು. ಎರಡು ಕೆಜಿ ಹಣ್ಣಿಗೆ ಸುಮಾರು ಒಂದು ಕೆಜಿ ಸಕ್ಕರೆ, ನಾಲ್ಕೂವರೆ ಲೀಟರ್‌ಗೆ ಬರುವಷ್ಟು ನೀರು. ಹಣ್ಣು ಕುದಿಸಬೇಡಿ, ಪೆಕ್ಟಿನ್ ಬಿಟ್ಟುಕೊಂಡು ವೈನ್ ಮಬ್ಬಾಗಿಯೇ ಉಳಿಯುತ್ತದೆ. ಪೆಕ್ಟಿನ್ ಒಡೆಯುವ ಪೆಕ್ಟೋಲೇಸ್ ಪುಡಿ ಒಂದು ಚಮಚ ಹಾಕಿ. ಹೈಡ್ರೋಮೀಟರ್ ಶುರುವಿನಲ್ಲಿ 1.086, ಕೊನೆಗೆ 0.994 ತೋರಿಸಿದರೆ ವ್ಯತ್ಯಾಸವನ್ನು 131ರಿಂದ ಗುಣಿಸಿ. ಸುಮಾರು 12 ಪರ್ಸೆಂಟ್ ಆಲ್ಕೋಹಾಲ್. ಇದೇ ಲೆಕ್ಕದಲ್ಲಿ ನನ್ನ ಸೈಡರ್ ಆರೂವರೆ, ಬಿಯರ್ ನಾಲ್ಕರ ಆಸುಪಾಸು. ಮೂರು ತಿಂಗಳಿಗೆ ರುಚಿ ನೋಡಿದರೆ ಬ್ಲ್ಯಾಕ್‌ಬೆರಿ ವೈನ್ ಔಷಧಿ ಥರ ಇರುತ್ತದೆ. ಒಂದು ವರ್ಷ ಕಳೆದ ಮೇಲೆ ನೋಡಿ. ಆಗ ರುಚಿಯಲ್ಲಿ ಮೂರರಲ್ಲಿ ಇದೇ ಗೆಲ್ಲುತ್ತದೆ, ಅದನ್ನು ಒಪ್ಪಲೇಬೇಕು. ವರ್ಷದವರೆಗೆ ಮುಟ್ಟದೆ ಇರುವವರು ಯಾರು, ಅದೇ ಪ್ರಶ್ನೆ.

ಶುರು ಮಾಡುವವರಿಗೆ ಖರ್ಚಿನ ಮಾತು. ಸೈಡರ್‌ಗೆ ಒಂದು ಡೆಮಿಜಾನ್, ಏರ್‌ಲಾಕ್, ಸೈಫನ್ ಕೊಳವೆ, ಹೈಡ್ರೋಮೀಟರ್, ತೊಳೆಯಲು ಸ್ಯಾನಿಟೈಸರ್ ಇದ್ದರೆ ಸಾಕು. ಬ್ಲ್ಯಾಕ್‌ಬೆರಿ ವೈನ್‌ಗೂ ಇವೇ ನಡೆಯುತ್ತವೆ, ಹಣ್ಣು ನೆನೆಸಲು ಒಂದು ಬಕೆಟ್ ಸೇರಿಸಿಕೊಳ್ಳಿ. ಬಿಯರ್‌ಗೆ ದೊಡ್ಡ ಬಕೆಟ್ ಬೇಕು. ಕಾಳಿನಿಂದ ಮಾಡುವುದಾದರೆ 30 ಲೀಟರ್ ಪಾತ್ರೆಯೂ ಬೇಕು. 23 ಲೀಟರ್ ಅಂದರೆ ಅರ್ಧ ಲೀಟರಿನ 46 ಬಾಟಲಿ, ಅಷ್ಟನ್ನೂ ತೊಳೆಯಬೇಕು. ಹೈಡ್ರೋಮೀಟರ್ ಎರಡು ಮೂರು ದಿನ ಒಂದೇ ಅಂಕಿ ತೋರಿಸುವವರೆಗೆ ಬಾಟಲಿಗೆ ತುಂಬಬೇಡಿ. ನೊರೆಗೆ ಅರ್ಧ ಲೀಟರಿಗೆ ಮುಕ್ಕಾಲು ಟೀ ಚಮಚ ಸಕ್ಕರೆ ಸಾಕು, ಜಾಸ್ತಿ ಬೇಡ. ಮೊದಮೊದಲು ಗಾಜಿನ ಗೊಡವೆ ಬಿಟ್ಟು ಸೋಡಾದ ಪ್ಲಾಸ್ಟಿಕ್ ಬಾಟಲಿಯಲ್ಲೇ ತುಂಬಿ. ಬೆರಳಿಂದ ಒತ್ತಿ ನೋಡಿದರೆ ಗ್ಯಾಸ್ ಎಷ್ಟು ತುಂಬಿದೆ ಅಂತ ತಿಳಿಯುತ್ತದೆ, ಜಾಸ್ತಿಯಾಗಿದ್ದರೆ ಮುಚ್ಚಳ ಸ್ವಲ್ಪ ತಿರುಗಿಸಿ ಬಿಡಬಹುದು.