ಫ್ರೀಕ್ಯಾಡ್‌ನಲ್ಲಿ ಮೌಸ್: ಯಾವ ನ್ಯಾವಿಗೇಶನ್ ಸ್ಟೈಲ್ ಯಾರಿಗೆ ಒಗ್ಗುತ್ತದೆ?

ಕಂಪ್ಯೂಟರ್‌ನಲ್ಲಿ ಬಿಡಿಭಾಗಗಳ 3ಡಿ ಮಾಡೆಲ್ ಮಾಡುವ ಸಾಫ್ಟ್‌ವೇರ್ ಫ್ರೀಕ್ಯಾಡ್. ಅದಕ್ಕೆ ಹೊಸಬರು ಮೊದಲು ಎಡವುವುದು ಮೌಸ್‌ನಲ್ಲೇ. ಅದೇ ಬಗೆಯ ಸಾಲಿಡ್‌ವರ್ಕ್ಸ್ ಕಲಿತು ಬಂದವರು ರೂಢಿಯಂತೆ ನಡು ಬಟನ್ ಒತ್ತಿ ಎಳೆಯುತ್ತಾರೆ. ಪಾರ್ಟ್ ತಿರುಗುವ ಬದಲು ಪಕ್ಕಕ್ಕೆ ಸರಿಯುತ್ತದೆ. ಬ್ಲೆಂಡರ್‌ನಿಂದ ಬಂದವರಿಗೂ ಇದೇ ಪಾಡು. ಸಾಫ್ಟ್‌ವೇರ್ ಸರಿಯಿಲ್ಲ ಎಂದು ಅಲ್ಲಿಗೇ ಕೈಬಿಡುವವರಿದ್ದಾರೆ. ಆದರೆ ಯಾವ ಬಟನ್‌ಗೆ ಯಾವ ಕೆಲಸ ಎಂಬ ಈ ಹಂಚಿಕೆಯನ್ನು, ಅಂದರೆ ನ್ಯಾವಿಗೇಶನ್ ಸ್ಟೈಲ್ ಅನ್ನು, ಬದಲಿಸಿಕೊಳ್ಳಬಹುದು. ಪರದೆಯ ಕೆಳಗೆ ಬಲಮೂಲೆಯಲ್ಲಿ ಕಾಣುವ ಸ್ಟೈಲ್‌ನ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಹತ್ತಾರು ಆಯ್ಕೆಗಳು ತೆರೆದುಕೊಳ್ಳುತ್ತವೆ. ಯಾವ ಬಟನ್ ಏನು ಮಾಡುತ್ತದೆ ಎಂಬುದೂ ಅದರ ಮೇಲೆ ಕರ್ಸರ್ ಇಟ್ಟರೆ ಗೊತ್ತಾಗುತ್ತದೆ.

ಹೋಲಿಕೆಗೆ ಎರಡು ಕೆಲಸ ಇಟ್ಟುಕೊಂಡಿದ್ದೇವೆ. ಮೊದಲನೆಯದು: 20 ಮಿ.ಮೀ. ವ್ಯಾಸದ, 300 ಮಿ.ಮೀ. ಉದ್ದದ ಶಾಫ್ಟ್‌ನ (ದುಂಡು ದಂಡದ) ಎರಡೂ ತುದಿಯಲ್ಲಿರುವ 4 ಮಿ.ಮೀ. ಹೋಲ್‌ಗಳ ಅಂಚನ್ನು ಆರಿಸಿ 0.5 ಮಿ.ಮೀ. ಚಾಂಫರ್ ಕೊಡುವುದು, ಅಂದರೆ ಅಂಚನ್ನು ಓರೆಯಾಗಿ ಕತ್ತರಿಸುವುದು. ಎರಡನೆಯದು: ಸ್ಕೆಚ್ (ಪಾರ್ಟ್‌ಗೆ ಆಧಾರವಾಗುವ ಸಮತಲದ ಚಿತ್ರ) ತೆರೆದು ಬಿಂದುಗಳನ್ನು ಎಳೆಯುತ್ತ, ನಡುನಡುವೆ ವ್ಯೂ ತಿರುಗಿಸಿ ನೋಡುವುದು. ಸ್ಟೈಲ್‌ನ ಗುಣ ತಿಳಿಯುವುದು ಈ ಎರಡನೆಯದರಲ್ಲಿ. ಸ್ಕೆಚ್‌ನಲ್ಲಿ ಎಡ ಬಟನ್‌ಗೆ ಅದರದೇ ಕೆಲಸವಿದೆ. ತಿರುಗಿಸುವುದಕ್ಕೂ ಅದೇ ಬೇಕೆಂದರೆ ಜಗಳ ಶುರು.

ಮೊದಲಿನಿಂದಲೇ ಹಾಕಿಬರುವುದು 'ಕ್ಯಾಡ್' ಸ್ಟೈಲ್. ನಡು ಬಟನ್ ಎಳೆದರೆ ವ್ಯೂ ಸರಿಯುತ್ತದೆ, ವೀಲ್ ತಿರುಗಿಸಿದರೆ ಜೂಮ್. ತಿರುಗಿಸಲು ನಡು ಬಟನ್ ಮೊದಲು ಒತ್ತಿ ಹಿಡಿದು, ಆಮೇಲೆ ಎಡ ಬಟನ್ ಒತ್ತಿ ಎಳೆಯಬೇಕು. ಹೊಸಬರು ಈ ಕ್ರಮದಲ್ಲೇ ತಪ್ಪುತ್ತಾರೆ: ಎಡ ಬಟನ್ ಮೊದಲು ಬಿದ್ದರೆ ಅದು ಆಯ್ಕೆಯ ಕ್ಲಿಕ್ ಆಗಿಬಿಡಬಹುದು. ಎಡದ ಬದಲು ಬಲ ಬಟನ್ ಬಳಸಿದರೂ ತಿರುಗುತ್ತದೆ. ಬಲ ಬಟನ್ ಹಿಡಿದ ಮೇಲೆ ನಡು ಬಟನ್ ಬಿಟ್ಟರೂ ತಿರುಗುವುದು ನಿಲ್ಲುವುದಿಲ್ಲ. ಬೆರಳು ನೋಯುವವರಿಗೆ ಇದು ದೊಡ್ಡ ಅನುಕೂಲ. ಕ್ಯಾಟಿಯಾ ಎಂಬ ಕ್ಯಾಡ್ ಸಾಫ್ಟ್‌ವೇರ್ ಬಳಸಿದವರ ಕೈಗೆ ಈ ಎರಡು ಬಟನ್‌ಗಳ ಜೋಡಿ ಬೇಗ ಕೂರುತ್ತದೆ.

ಶಾಫ್ಟ್‌ನ ಕೆಲಸದಲ್ಲಿ ಕ್ಯಾಡ್ ಸ್ಟೈಲ್ ಗೆಲ್ಲುವುದು ಒಂದು ಸಣ್ಣ ಸೌಲಭ್ಯದಿಂದ. ಹೋಲ್‌ನ ಅಂಚಿನ ಮೇಲೆ ಕರ್ಸರ್ ಇಟ್ಟು ನಡು ಬಟನ್ ಒಮ್ಮೆ ಕ್ಲಿಕ್ ಮಾಡಿದರೆ ಆ ಜಾಗ ಪರದೆಯ ನಡುವಿಗೆ ಬರುತ್ತದೆ. ಆಮೇಲೆ ಎಷ್ಟು ಹತ್ತಿರ ಜೂಮ್ ಮಾಡಿ ತಿರುಗಿಸಿದರೂ ಹೋಲ್ ಕಣ್ಣೆದುರೇ ಇರುತ್ತದೆ. ಹೀಗೆ ಮಾಡದೆ ತಿರುಗಿಸಿದರೆ, ತಿರುಗುವ ಕೇಂದ್ರ ಬೇರೆಲ್ಲೋ ಉಳಿದಿದ್ದು, ಸ್ವಲ್ಪ ಎಳೆಯುವಷ್ಟರಲ್ಲಿ ಹೋಲ್ ಪರದೆಯಿಂದಾಚೆ ಹಾರಿಹೋಗುತ್ತದೆ. ಉದ್ದನೆಯ ಪಾರ್ಟ್‌ಗಳಲ್ಲಿ ಈ ಕಾಟ ಹೆಚ್ಚು.

ಇದರ ತೊಂದರೆ ನಡು ಬಟನ್ನಿನದೇ. ಅಗ್ಗದ ಮೌಸ್‌ಗಳಲ್ಲಿ ವೀಲ್ ಗಟ್ಟಿಯಾಗಿರುತ್ತದೆ. ಒತ್ತುವಾಗ ಒಂದು ಹಲ್ಲು ಉರುಳಿ ಜೂಮ್ ಜಿಗಿಯುತ್ತದೆ. ಅಂಥ ಮೌಸ್ ಇದ್ದರೆ ಶಿಫ್ಟ್ ಹಿಡಿದು ಬಲ ಬಟನ್ ಎಳೆದು ತಿರುಗಿಸಿ, ಕಂಟ್ರೋಲ್ ಹಿಡಿದು ಬಲ ಬಟನ್ ಎಳೆದು ಸರಿಸಿ. ಇದೂ ಕ್ಯಾಡ್ ಸ್ಟೈಲ್‌ನಲ್ಲೇ ಇದೆ, ಬಹಳ ಜನ ಬಳಸುವುದಿಲ್ಲ ಅಷ್ಟೆ.

'ಬ್ಲೆಂಡರ್' ಸ್ಟೈಲ್ ನಮ್ಮ ಲೆಕ್ಕದಲ್ಲಿ ಮೌಸ್ ಇರುವವರಿಗೆ ಎಲ್ಲಕ್ಕಿಂತ ಹಗುರ. ನಡು ಬಟನ್ ಎಳೆದರೆ ತಿರುಗುತ್ತದೆ, ಶಿಫ್ಟ್ ಜೊತೆಗೆ ಎಳೆದರೆ ಸರಿಯುತ್ತದೆ. ಬಿಡಿಭಾಗ ಮಾಡೆಲ್ ಮಾಡುವಾಗ ಸರಿಸುವುದಕ್ಕಿಂತ ತಿರುಗಿಸುವುದೇ ಹೆಚ್ಚು, ಆದ್ದರಿಂದ ಹೆಚ್ಚು ಮಾಡುವ ಕೆಲಸಕ್ಕೆ ಒಂದೇ ಬಟನ್ ಸಾಕು ಎನ್ನುವುದು ನ್ಯಾಯ. ಎಡ ಬಟನ್ ಆಯ್ಕೆಗೇ ಮೀಸಲಾಗಿ ಉಳಿಯುವುದರಿಂದ ಸ್ಕೆಚ್‌ನಲ್ಲೂ ಅಡ್ಡಿಯಿಲ್ಲ. ಸಾಲಿಡ್‌ವರ್ಕ್ಸ್‌ನಲ್ಲೂ ನಡು ಬಟನ್ನೇ ತಿರುಗಿಸುತ್ತದೆ. ಸರಿಸಲು ಅಲ್ಲಿ ಕಂಟ್ರೋಲ್, ಇಲ್ಲಿ ಶಿಫ್ಟ್. ಆ ಒಂದು ಬದಲಾವಣೆ ರೂಢಿಯಾದರೆ ಸಾಕು.

'ರೆವಿಟ್' ಇದರ ತಲೆಕೆಳಗು: ನಡು ಬಟನ್ ಸರಿಸುತ್ತದೆ, ಶಿಫ್ಟ್ ಜೊತೆ ತಿರುಗಿಸುತ್ತದೆ. ಆಟೋಕ್ಯಾಡ್, ಫ್ಯೂಷನ್ ಬಳಸುವವರಿಗೆ ಇದೇ ಸರಿ. ಕಟ್ಟಡದ ನಕ್ಷೆಯಲ್ಲಿ ಒಂದೇ ಮಹಡಿಯ ಮೇಲೆ ಅತ್ತಿತ್ತ ಸರಿಯುವುದೇ ಹೆಚ್ಚಾದ್ದರಿಂದ ಅಲ್ಲಿ ಈ ಹಂಚಿಕೆ ಚೆನ್ನಾಗಿ ಒಗ್ಗುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಮೌಸ್ ಇಲ್ಲದೆ ಕೂತವರಿಗೆ 'ಜೆಸ್ಚರ್'. ಎಡ ಬಟನ್ ಎಳೆದರೆ ತಿರುಗುತ್ತದೆ, ಬಲ ಬಟನ್ ಎಳೆದರೆ ಸರಿಯುತ್ತದೆ. ನಡು ಬಟನ್ ಇಲ್ಲದೆಯೂ ಕೆಲಸ ನಡೆಯುತ್ತದೆ. ತಿರುಗುವ ಕೇಂದ್ರ ಬದಲಿಸಲು ಬೇಕಾದ ಜಾಗದ ಮೇಲೆ ಕರ್ಸರ್ ಇಟ್ಟು ಎಚ್ ಕೀ ಒತ್ತಿದರಾಯಿತು. ಶಾಫ್ಟ್‌ನ ಕೆಲಸ ಇದರಲ್ಲಿ ಸಲೀಸು. ಸ್ಕೆಚ್ ತೆರೆದೊಡನೆ ಕಥೆ ಬೇರೆ. ಅಲ್ಲಿ ಎಡ ಬಟನ್ ಬಿಂದು ಎಳೆಯಲು ಬೇಕಾದ್ದರಿಂದ ತಿರುಗಿಸುವುದು ನಿಂತುಹೋಗುತ್ತದೆ. ತಿರುಗಿಸಲೇಬೇಕಿದ್ದರೆ ಆಲ್ಟ್ ಹಿಡಿದು ಎಳೆಯಬೇಕು. ಲಿನಕ್ಸ್‌ನ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನಲ್ಲಿ ಆಲ್ಟ್ ಹಿಡಿದು ಎಳೆದರೆ ಇಡೀ ವಿಂಡೋ ಚಲಿಸುತ್ತದೆ, ಸ್ಕೆಚ್ ಮಾತ್ರ ಅಲುಗದು. ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ವಿಂಡೋ ಎಳೆಯುವ ಕೀಯನ್ನು ಆಲ್ಟ್‌ನಿಂದ ಸೂಪರ್‌ಗೆ (ವಿಂಡೋಸ್ ಚಿಹ್ನೆಯ ಕೀ) ಬದಲಿಸಿದರೆ ಸರಿಹೋಗುತ್ತದೆ.

'ಟಚ್‌ಪ್ಯಾಡ್' ಎಂಬ ಹೆಸರಿನದೇ ಸ್ಟೈಲ್ ಬೇರೆ ಇದೆ. ಶಿಫ್ಟ್ ಹಿಡಿದು ಬೆರಳಾಡಿಸಿದರೆ ಸರಿಯುತ್ತದೆ, ಆಲ್ಟ್ ಹಿಡಿದರೆ ತಿರುಗುತ್ತದೆ, ಬಟನ್ ಒತ್ತುವ ಗೊಡವೆಯೇ ಇಲ್ಲ. ಬಟನ್ ಕೆಟ್ಟಿರುವ ಹಳೆಯ ಲ್ಯಾಪ್‌ಟಾಪ್‌ಗೆ ಉಪಕಾರಿ. ಉಳಿದವರಿಗೆ ಜೆಸ್ಚರ್ ಲೇಸು.

'ಓಪನ್‌ಇನ್ವೆಂಟರ್' ಬೇಡ. ಅದರಲ್ಲಿ ಏನನ್ನಾದರೂ ಆರಿಸಲು ಕಂಟ್ರೋಲ್ ಹಿಡಿದೇ ಕ್ಲಿಕ್ ಮಾಡಬೇಕು. ಹತ್ತು ಅಂಚಿಗೆ ಚಾಂಫರ್ ಕೊಡುವಷ್ಟರಲ್ಲಿ ಎಡಗೈ ಸೋಲುತ್ತದೆ.

ಸ್ಟೈಲ್ ಯಾವುದೇ ಇರಲಿ, ಪ್ರಿಫರೆನ್ಸಸ್‌ನಲ್ಲಿ ಡಿಸ್‌ಪ್ಲೇ, ಅದರೊಳಗೆ ನ್ಯಾವಿಗೇಶನ್ ತೆರೆದು ಎರಡು ವಿಷಯ ನೋಡಲೇಬೇಕು. ಒಂದು ಆರ್ಬಿಟ್ ಸ್ಟೈಲ್, ಅಂದರೆ ವ್ಯೂ ತಿರುಗುವ ರೀತಿ. 'ಟರ್ನ್‌ಟೇಬಲ್' ಇಟ್ಟರೆ ಜ಼ಡ್ ಅಕ್ಷ (ಎತ್ತರದ ದಿಕ್ಕು) ಸದಾ ನೆಟ್ಟಗೇ ನಿಲ್ಲುತ್ತದೆ. ಕಟ್ಟಡ, ಪೀಠೋಪಕರಣಕ್ಕೆ ಇದೇ ಒಳ್ಳೆಯದು. ಶಾಫ್ಟ್, ಬ್ರಾಕೆಟ್‌ಗಳನ್ನು ಎಲ್ಲ ಕಡೆಯಿಂದಲೂ ಹೊರಳಿಸಬೇಕಾದಾಗ 'ಟ್ರ್ಯಾಕ್‌ಬಾಲ್' ಬೇಕು. ಅದರಲ್ಲಿ ಪಾರ್ಟ್ ಓರೆಯಾಗಿ ನಿಲ್ಲುವುದು ಸಹಜ. 0 ಒತ್ತಿದರೆ ಐಸೊಮೆಟ್ರಿಕ್ (ಮೂರು ಬದಿಯೂ ಕಾಣುವ ಓರೆ ನೋಟ), 1 ಒತ್ತಿದರೆ ಎದುರಿನ ನೋಟ, 2 ಒತ್ತಿದರೆ ಮೇಲಿನ ನೋಟ. ಎಲ್ಲ ಕಳೆದುಹೋದಂತೆ ಕಂಡರೆ ವಿ, ಆಮೇಲೆ ಎಫ್ ಒತ್ತಿ. ಇಡೀ ಮಾಡೆಲ್ ಪರದೆಗೆ ಬರುತ್ತದೆ. ಸ್ಕೆಚ್‌ನೊಳಗೆ ವ್ಯೂ ಓರೆಯಾಗಿದ್ದರೆ ಕ್ಯೂ, ಆಮೇಲೆ ಪಿ ಒತ್ತಿದರೆ ಸ್ಕೆಚ್ ಮತ್ತೆ ನೇರ ಎದುರಿಗೆ ನಿಲ್ಲುತ್ತದೆ.

ಇನ್ನೊಂದು ರೊಟೇಶನ್ ಮೋಡ್, ಅಂದರೆ ಯಾವ ಜಾಗದ ಸುತ್ತ ತಿರುಗಬೇಕು ಎಂಬುದು. 'ವಿಂಡೋ ಸೆಂಟರ್' ಇದ್ದರೆ ಪರದೆಯ ನಡುವೆ ಏನಿದೆಯೋ ಅದರ ಸುತ್ತ ತಿರುಗುತ್ತದೆ. 'ಡ್ರ್ಯಾಗ್ ಅಟ್ ಕರ್ಸರ್' ಇಟ್ಟರೆ ಕರ್ಸರ್ ಕೆಳಗಿನ ಜಾಗವೇ ಕೇಂದ್ರ. ಕ್ಯಾಡ್ ಸ್ಟೈಲ್‌ನಲ್ಲಿ ನಡು ಕ್ಲಿಕ್ ಮಾಡಿ ಸಾಧಿಸಿದ್ದನ್ನು ಬ್ಲೆಂಡರ್ ಸ್ಟೈಲ್‌ನವರು ಇದರಿಂದ ಪಡೆಯಬಹುದು, ಆದರೆ ಎಳೆಯಲು ಶುರುಮಾಡುವಾಗ ಕರ್ಸರ್ ಪಾರ್ಟ್‌ನ ಮೇಲೇ ಇರಲಿ, ಖಾಲಿ ಜಾಗದಲ್ಲಿ ಬೇಡ.

ಸಾಲಿಡ್‌ವರ್ಕ್ಸ್‌ನವರಿಗೆ ಇನ್ನೊಂದು ಮಾತು. ಅಲ್ಲಿ ವೀಲ್ ಮುಂದಕ್ಕೆ ಉರುಳಿಸಿದರೆ ಪಾರ್ಟ್ ದೂರ ಹೋಗುತ್ತದೆ, ಇಲ್ಲಿ ಹತ್ತಿರ ಬರುತ್ತದೆ. ಅದೇ ಪುಟದಲ್ಲಿ 'ಇನ್ವರ್ಟ್ ಜೂಮ್' ಟಿಕ್ ಈಗಿರುವುದಕ್ಕೆ ವಿರುದ್ಧ ಮಾಡಿ. ಕರ್ಸರ್ ಇರುವ ಜಾಗದತ್ತಲೇ ಜೂಮ್ ಮಾಡುವ 'ಜೂಮ್ ಅಟ್ ಕರ್ಸರ್' ಟಿಕ್ ಮಾತ್ರ ಹಾಗೇ ಇಟ್ಟುಕೊಳ್ಳಿ.